ಅಥೆನ್ಸಿನ ಪ್ರಜಾಪ್ರಭುತ್ವ: ಅಧ್ಯಯನ ನಡೆದುಬಂದ ದಾರಿ

ಪ್ರಜಾಪ್ರಭುತ್ವದ ಪಾಠದಲ್ಲಿ ಅಥೆನ್ಸಿಗೆ ಸಾಮಾನ್ಯವಾಗಿ ಒಂದು ಪ್ಯಾರಾ ಸಿಗುತ್ತದೆ. ಊರು ಚಿಕ್ಕದು, ಎಲ್ಲರೂ ಬಯಲಲ್ಲಿ ಸೇರಿ ಕೈಯೆತ್ತುತ್ತಿದ್ದರು, ಇಂದಿನ ದೊಡ್ಡ ದೇಶಗಳಲ್ಲಿ ಅದು ಆಗದ ಮಾತು ಎಂದು ಹೇಳಿ ಚುನಾವಣೆಯ ವಿಷಯಕ್ಕೆ ದಾಟಿಬಿಡುತ್ತೇವೆ. ಈ ವಿಷಯವನ್ನೇ ಓದುತ್ತ, ಓದಿಸುತ್ತ ಬಂದವನಾಗಿ ಹೇಳುತ್ತೇನೆ, ಇದು ಅರೆಬರೆ ಚಿತ್ರವಷ್ಟೇ ಅಲ್ಲ, ತಪ್ಪು ಚಿತ್ರ. ಕೈಯೆತ್ತುವ ಸಭೆ ಅಲ್ಲಿನ ವ್ಯವಸ್ಥೆಯ ಒಂದು ಅಂಗ ಮಾತ್ರ. ಸಾಮಾನ್ಯ ಪ್ರಜೆಯೊಬ್ಬ ಚೀಟಿಯ ಮೂಲಕ ಅಧಿಕಾರಕ್ಕೆ ಬಂದು, ಒಂದು ವರ್ಷ ಕೆಲಸ ಮಾಡಿ, ಎಲ್ಲರೆದುರು ಲೆಕ್ಕ ಒಪ್ಪಿಸಿ ಇಳಿಯುತ್ತಿದ್ದ. ಅಥೆನ್ಸಿನ ತಿರುಳು ಇರುವುದು ಇಲ್ಲಿ. ವಿದ್ವಾಂಸರೂ ಇದನ್ನು ಕಂಡುಕೊಂಡದ್ದು ತಡವಾಗಿಯೇ.

ಹದಿನೆಂಟನೆಯ ಶತಮಾನದವರಿಗೆ ಅಥೆನ್ಸ್ ಎಂದರೆ ಗುಂಪಿನ ಆಳ್ವಿಕೆ, ಸಾಕ್ರಟೀಸನನ್ನು ಕೊಂದ ಊರು. ಅಮೆರಿಕದ ಸಂವಿಧಾನ ರೂಪಿಸಿದ ಮ್ಯಾಡಿಸನ್ ಅದನ್ನು ಎಚ್ಚರಿಕೆಯ ಉದಾಹರಣೆಯಾಗಿ ಬಳಸಿದ. ಲಂಡನ್ನಿನ ಬ್ಯಾಂಕರ್ ಜಾರ್ಜ್ ಗ್ರೋಟ್ 1846ರಿಂದ 1856ರವರೆಗೆ ಹನ್ನೆರಡು ಸಂಪುಟಗಳಲ್ಲಿ ಗ್ರೀಸಿನ ಇತಿಹಾಸ ಬರೆದು ಈ ಕಳಂಕ ತೊಳೆಯಲು ಹೊರಟ. ಆದರೆ ಅವನಿಗೆ ಅಥೆನ್ಸಿನಲ್ಲಿ ಕಂಡದ್ದು ಹೆಚ್ಚಾಗಿ ತನ್ನ ಕಾಲದ ಪಾರ್ಲಿಮೆಂಟಿನ ಉದಾರವಾದಿಗಳೇ.

1891ರಲ್ಲಿ ದಿಕ್ಕು ಬದಲಾಯಿತು. ಈಜಿಪ್ಟಿನಿಂದ ಬ್ರಿಟಿಷ್ ಮ್ಯೂಸಿಯಂಗೆ ಬಂದ ಪಪೈರಸ್ ಸುರುಳಿಗಳ ಒಂದು ಮಗ್ಗುಲಲ್ಲಿ ಜಮೀನಿನ ಜಮಾಖರ್ಚು ಇತ್ತು. ಇನ್ನೊಂದು ಮಗ್ಗುಲಲ್ಲಿ ಇದ್ದದ್ದು, ಅರಿಸ್ಟಾಟಲನ ಹೆಸರಿನಲ್ಲಿ ಉಳಿದು ಬಂದ ಅಥೆನ್ಸಿನ ಸಂವಿಧಾನದ ವಿವರಣೆ. ಅದೇ ವರ್ಷ ಜೇಮ್ಸ್ ಹೆಡ್‌ಲಮ್ ಎಂಬ ತರುಣ ಅಥೆನ್ಸಿನ ಚೀಟಿ ಪದ್ಧತಿಯ ಮೇಲೆ ಒಂದು ಸಣ್ಣ ಪುಸ್ತಕ ತಂದ. ಚೀಟಿ ಎತ್ತುವುದು ದೈವದ ತೀರ್ಪು ಕೇಳುವ ಧಾರ್ಮಿಕ ಕ್ರಿಯೆ ಎಂದು ಫ್ರೆಂಚ್ ಇತಿಹಾಸಕಾರ ಫ್ಯೂಸ್ಟೆಲ್ ದ ಕೂಲಾಂಜ್ ವಾದಿಸಿದ್ದ. ಅದು ಅಧಿಕಾರ ಯಾರ ಕೈಯಲ್ಲೂ ಗಟ್ಟಿಯಾಗದಂತೆ ಮಾಡಿದ ರಾಜಕೀಯ ಏರ್ಪಾಡು ಎಂದು ಹೆಡ್‌ಲಮ್ ತೋರಿಸಿಕೊಟ್ಟ. ಇಷ್ಟು ಒಳ್ಳೆಯ ಪುಸ್ತಕವನ್ನು ಇಷ್ಟು ಕಡಿಮೆ ಜನ ಓದಿರುವುದು ನನಗೆ ಈಗಲೂ ಬೇಸರದ ಸಂಗತಿ.

1931ರಲ್ಲಿ ಅಥೆನ್ಸಿನ ಹಳೆಯ ಸಂತೆಯ ಬಯಲಾದ ಅಗೋರಾದ ಉತ್ಖನನ ಶುರುವಾದ ಮೇಲೆ ಹೆಡ್‌ಲಮ್‌ನ ಮಾತಿಗೆ ಕಲ್ಲಿನ ಸಾಕ್ಷಿ ಸಿಕ್ಕಿತು. ಸಾಲುಸಾಲಾಗಿ ಸಣ್ಣ ಸೀಳುಗಳನ್ನು ಕೊರೆದ ಅಮೃತಶಿಲೆಯ ಚಪ್ಪಡಿಗಳ ಬಳಕೆ ಏನೆಂಬುದನ್ನು ವಿದ್ವಾಂಸ ಸ್ಟರ್ಲಿಂಗ್ ಡೌ ಆ ದಶಕದಲ್ಲೇ ಬಿಡಿಸಿ ಹೇಳಿದ. ಪ್ರತಿಯೊಬ್ಬ ತನ್ನ ಹೆಸರು, ಊರು ಕೆತ್ತಿದ ತಗಡಿನ ಚೀಟಿಯನ್ನು ಒಪ್ಪಿಸುತ್ತಿದ್ದ. ಅದು ಒಂದು ಸೀಳಿಗೆ ಸೇರುತ್ತಿತ್ತು. ಪಕ್ಕದ ಕೊಳವೆಗೆ ಬಿಳಿ, ಕಪ್ಪು ದಾಳಗಳನ್ನು ಸುರಿದು ಒಂದೊಂದಾಗಿ ಬೀಳಿಸುತ್ತಿದ್ದರು. ಬಿಳಿ ಬಿದ್ದರೆ ಆ ಅಡ್ಡಸಾಲಿನವರೆಲ್ಲ ಆ ದಿನದ ನ್ಯಾಯಮಂಡಳಿಗೆ, ಕಪ್ಪು ಬಿದ್ದರೆ ಇಡೀ ಸಾಲು ಮನೆಗೆ. ಯಾವ ಮೊಕದ್ದಮೆಗೆ ಯಾರು ಕೂರುತ್ತಾರೆಂದು ಬೆಳಿಗ್ಗೆಯವರೆಗೆ ಯಾರಿಗೂ ಗೊತ್ತಿಲ್ಲದ ಮೇಲೆ ಲಂಚ ಕೊಡುವುದಾದರೂ ಯಾರಿಗೆ?

ನನ್ನ ತಲೆಮಾರನ್ನು ರೂಪಿಸಿದವರು ಇಬ್ಬರು. ಮೊದಲನೆಯವನು ಮೋಸೆಸ್ ಫಿನ್ಲಿ. ಕಮ್ಯುನಿಸ್ಟ್ ಬೇಟೆಯ ದಿನಗಳಲ್ಲಿ ಅಮೆರಿಕದಲ್ಲಿ ಕೆಲಸ ಕಳೆದುಕೊಂಡು ಕೇಂಬ್ರಿಡ್ಜ್ ಸೇರಿದವನು. ಪ್ರಜಾಪ್ರಭುತ್ವವೆಂದರೆ ನಾಯಕರು ಮತಕ್ಕಾಗಿ ನಡೆಸುವ ಪೈಪೋಟಿ ಎಂದು 1942ರಲ್ಲಿ ಅರ್ಥಶಾಸ್ತ್ರಜ್ಞ ಶುಂಪೀಟರ್ ಹೇಳಿದ್ದು ವೇದವಾಕ್ಯವಾಗಿದ್ದ ಕಾಲ ಅದು. ಜನ ರಾಜಕೀಯದಿಂದ ದೂರವಿದ್ದರೇ ಕ್ಷೇಮ ಎನ್ನುವವರೂ ಇದ್ದರು. ಫಿನ್ಲಿ 1973ರ ತನ್ನ ಕಿರುಪುಸ್ತಕದಲ್ಲಿ ಅದನ್ನು ಅಥೆನ್ಸಿನ ನೆಲದಿಂದಲೇ ಎದುರಿಸಿದ: ಜನ ಆಳುತ್ತಲೇ ಆಳುವುದನ್ನು ಕಲಿಯುತ್ತಾರೆ.

ಎರಡನೆಯವನು ಡೆನ್ಮಾರ್ಕಿನ ಮೋಗೆನ್ಸ್ ಹರ್ಮನ್ ಹ್ಯಾನ್ಸನ್. ಅಥೆನ್ಸಿನಲ್ಲಿ ಎಷ್ಟು ಜನ, ಎಷ್ಟು ಹೊತ್ತು, ಏನು ಮಾಡಿದರು ಎಂದು ಅವನಂತೆ ಬಿಡದೆ ಕೇಳಿದವರು ಮತ್ತೊಬ್ಬರಿಲ್ಲ. ಸಾವಿರಾರು ಕೈಗಳ ಮತವನ್ನು ಅಳೆಯುವುದು ಹೇಗೆಂದು ತಿಳಿಯಲು ಸ್ವಿಟ್ಜರ್ಲೆಂಡಿನ ಬಯಲುಸಭೆಗಳನ್ನು ಅಧ್ಯಯನ ಮಾಡಿದ. ಕ್ರಿ.ಪೂ. ನಾಲ್ಕನೆಯ ಶತಮಾನದಲ್ಲಿ ವಯಸ್ಕ ಪುರುಷ ಪ್ರಜೆಗಳು ಸುಮಾರು 30,000. ಐನೂರು ಜನರ ಮಂಡಳಿ ವರ್ಷವರ್ಷ ಚೀಟಿಯಿಂದ ಬದಲಾಗುತ್ತಿತ್ತು, ಒಬ್ಬನಿಗೆ ಜೀವಮಾನದಲ್ಲಿ ಎರಡೇ ಅವಕಾಶ. ಈ ಅಂಕಿಗಳನ್ನು ಎದುರುಬದುರು ಇಟ್ಟರೆ ಸಾಕು, ಮಂಡಳಿಯಲ್ಲಿ ಕೂತೆದ್ದವರು ಊರತುಂಬ ಇದ್ದರೆಂಬುದು ತಾನಾಗಿಯೇ ತಿಳಿಯುತ್ತದೆ. ಚೀಟಿಯನ್ನು ಮೆಚ್ಚದ ಸಾಕ್ರಟೀಸನೂ ಕ್ರಿ.ಪೂ. 406ರಲ್ಲಿ ಆ ಮಂಡಳಿಯಲ್ಲಿದ್ದ. ಆರೋಪ ಹೊತ್ತ ಸೇನಾಪತಿಗಳನ್ನು ಒಬ್ಬೊಬ್ಬರಾಗಿ ಅಲ್ಲದೆ ಒಟ್ಟಿಗೇ ವಿಚಾರಿಸುವ ಅಕ್ರಮ ಠರಾವಿಗೆ ಒಪ್ಪದೆ ನಿಂತ. ಪರಮಾಧಿಕಾರ ಇದ್ದದ್ದು ನ್ಯಾಯಮಂಡಳಿಗಳಿಗೆ ಎಂಬ ಹ್ಯಾನ್ಸನ್‌ನ ವಾದವನ್ನು ಇತಿಹಾಸಕಾರ ಜೋಸಯಾ ಓಬರ್ ಒಪ್ಪಲಿಲ್ಲ; ಸಂಸ್ಥೆಗಳಿಗಿಂತ ಭಾಷಣಕಾರ ಮತ್ತು ಜನರ ನಡುವಿನ ಸಂಬಂಧಕ್ಕೆ ಅವನು ಒತ್ತು ಕೊಟ್ಟ. ನನ್ನ ಒಲವು ಹ್ಯಾನ್ಸನ್ ಕಡೆಗೇ.

ಪ್ರಜೆಗಳ ಈ ಚರ್ಚೆಯಲ್ಲಿ ಹಿಂದೆ ಉಳಿದದ್ದು ಹೊರಗಿಟ್ಟವರ ಕಥೆ. ಹೆಂಗಸರು, ಗುಲಾಮರು, ವಲಸೆ ಬಂದು ನೆಲೆಸಿದವರು ಪ್ರಜೆಗಳಲ್ಲ. ತಂದೆತಾಯಿ ಇಬ್ಬರೂ ಅಥೆನ್ಸಿನವರಾಗಿರಬೇಕೆಂಬ ಕಾನೂನು ತಂದವನು ಅಥೆನ್ಸಿನ ಹೆಸರಾಂತ ನಾಯಕ ಪೆರಿಕ್ಲಿಸನೇ, ಕ್ರಿ.ಪೂ. 451ರಲ್ಲಿ. ಫ್ರೆಂಚ್ ಇತಿಹಾಸಕಾರ್ತಿ ನಿಕೋಲ್ ಲೊರೊ 1981ರಿಂದ ಈಚೆಗೆ ಇದನ್ನು ಅಡಿಟಿಪ್ಪಣಿಯಿಂದ ಎತ್ತಿ ನಡುಮನೆಗೆ ತಂದಳು.

ಫ್ರೆಂಚ್ ರಾಜಕೀಯ ಚಿಂತಕ ಬರ್ನಾರ್ ಮಾನ್ಯಾನ್ 1990ರ ದಶಕದಲ್ಲಿ ಹಳೆಯ ಪ್ರಶ್ನೆಯನ್ನು ಹೊಸದಾಗಿ ಕೇಳಿದ. ಅಧಿಕಾರಿಗಳನ್ನು ಚೀಟಿಯಿಂದ ಆರಿಸುವುದು ಪ್ರಜಾಪ್ರಭುತ್ವದ ಲಕ್ಷಣ, ಚುನಾವಣೆ ಕೆಲವರ ಆಳ್ವಿಕೆಯ ಲಕ್ಷಣ ಎಂದು ಅರಿಸ್ಟಾಟಲ್ ಬರೆದಿರುವಾಗ, ಆಧುನಿಕ ಕ್ರಾಂತಿಗಳು ಚೀಟಿಯನ್ನು ಚರ್ಚೆಯೂ ಇಲ್ಲದೆ ಕೈಬಿಟ್ಟದ್ದೇಕೆ? ನಮ್ಮ 1951ರ ಪ್ರಜಾಪ್ರತಿನಿಧಿ ಕಾಯ್ದೆಯಲ್ಲೂ ಚೀಟಿಗೆ ಜಾಗವಿರುವುದು ಮತಗಳು ಸಮಸಮವಾದಾಗ ಮಾತ್ರ. ಮಾನ್ಯಾನ್ ನಂತರ ಚೀಟಿ ಒಂದು ಫ್ಯಾಷನ್ ಆಗಿದೆ. ಐರ್ಲೆಂಡ್ 2016ರಲ್ಲಿ ಯಾದೃಚ್ಛಿಕವಾಗಿ ಆರಿಸಿದ 99 ನಾಗರಿಕರ ಸಭೆ ಕೂಡಿಸಿತು. ಅದರ ಶಿಫಾರಸು 2018ರ ಗರ್ಭಪಾತ ಜನಮತಗಣನೆಗೆ ದಾರಿ ಮಾಡಿತು. ಒಳ್ಳೆಯ ಕೆಲಸವೇ. ಆದರೆ ಇಂಥ ಸಭೆಗಳು ಸಲಹೆ ಕೊಡುತ್ತವೆ, ಅಧಿಕಾರ ನಡೆಸುವುದಿಲ್ಲ. ಆದ್ದರಿಂದ ಲೆಕ್ಕ ಒಪ್ಪಿಸುವ ಪ್ರಶ್ನೆಯೂ ಏಳುವುದಿಲ್ಲ.

ಚೀಟಿಯ ಮೇಲೆ ಪುಸ್ತಕಗಳು ಸಾಲುಗಟ್ಟಿವೆ, ಲೆಕ್ಕದ ಮೇಲಿನವು ಬೆರಳೆಣಿಕೆಯಷ್ಟು. ಅಥೆನ್ಸಿನಲ್ಲಿ ಲೆಕ್ಕ ಮುಗಿಯುವವರೆಗೆ ಅಧಿಕಾರಿ ಊರು ಬಿಡುವಂತಿರಲಿಲ್ಲ, ಆಸ್ತಿಯನ್ನು ದೇವರಿಗೆ ಒಪ್ಪಿಸುವಂತಿರಲಿಲ್ಲ. ಹಣಕಾಸಿನ ಲೆಕ್ಕ ನ್ಯಾಯಮಂಡಳಿಯ ಮುಂದೆ ಮುಗಿದ ಮೇಲೂ ದೂರು ಕೊಡಲು ಮೂರು ದಿನದ ಗಡುವು ಇತ್ತು. ಪ್ರಜೆಗಳನ್ನು ಹಂಚಿದ್ದ ಪಂಗಡಗಳಿಗೆ ಒಬ್ಬೊಬ್ಬ ಪರಿಶೋಧಕನಿದ್ದ; ಸಂತೆಯ ಹೊತ್ತಿನಲ್ಲಿ ಅವನು ತನ್ನ ಪಂಗಡದ ವೀರಪುರುಷನ ಪ್ರತಿಮೆಯ ಬಳಿ ಕೂರುತ್ತಿದ್ದ. ದೂರಿದ್ದವನು ಬಿಳಿ ಬಳಿದ ಹಲಗೆಯ ಮೇಲೆ ತನ್ನ ಹೆಸರು, ಅಧಿಕಾರಿಯ ಹೆಸರು, ಮಾಡಿದ ತಪ್ಪು, ವಿಧಿಸಬೇಕಾದ ದಂಡ ಬರೆದುಕೊಡುತ್ತಿದ್ದ. ಗಡುವು, ಹಲಗೆಗಳ ಈ ವಿವರ 1891ರ ಆ ಪಪೈರಸ್ಸಿನಲ್ಲೇ ಇದೆ.

ಲೆಕ್ಕ ಕೇಳುವ ಇಂಥ ಏರ್ಪಾಡು ನಮಗೂ ಹೊಸದಲ್ಲ. ನಮ್ಮಲ್ಲಿ 2005ರ ಉದ್ಯೋಗ ಖಾತರಿ ಕಾಯ್ದೆಯ 17ನೇ ಸೆಕ್ಷನ್, ಕಾಮಗಾರಿಗಳ ಲೆಕ್ಕವನ್ನು ಜನರೇ ಪರಿಶೀಲಿಸುವ ಸಾಮಾಜಿಕ ಪರಿಶೋಧನೆಯ ಹೊಣೆಯನ್ನು ಗ್ರಾಮಸಭೆಗೆ ವಹಿಸಿತು. ಕರ್ನಾಟಕದ ಹಳ್ಳಿಗಳಲ್ಲಿ ನಡೆದ ಆ ಸಭೆಗಳ ವರದಿಗಳನ್ನು ರಾಜ್ಯಶಾಸ್ತ್ರದ ವಿದ್ಯಾರ್ಥಿ ಅಥೆನ್ಸಿನ ಆ ಬಿಳಿ ಹಲಗೆಯ ಪಕ್ಕದಲ್ಲಿಟ್ಟು ಓದಬೇಕು: ದೂರು ಯಾರು ಬರೆದರು, ಯಾರ ಮುಂದೆ ಓದಿದರು, ಎಷ್ಟು ದಿನದೊಳಗೆ ಉತ್ತರ ಬಂತು, ದಂಡ ಕಟ್ಟಿದವರು ಯಾರು.