ಅಗ್ಗದ ಪ್ಲೇಯರ್‌ ಸೋತ ಕತೆ

2007ರ ನವೆಂಬರ್‌ನಲ್ಲಿ ಅಮೆರಿಕದ ವಾಲ್‌ಮಾರ್ಟ್‌ ಅಂಗಡಿಗಳು ತೋಷಿಬಾ ಕಂಪನಿಯ ಎಚ್‌ಡಿ ಡಿವಿಡಿ ಪ್ಲೇಯರ್‌ ಒಂದನ್ನು ನೂರು ಡಾಲರ್‌ಗೂ ಕಡಿಮೆ ಬೆಲೆಗೆ ಮಾರಿದವು. ಮೂರೂವರೆ ತಿಂಗಳು ಕಳೆಯುವಷ್ಟರಲ್ಲಿ, 2008ರ ಫೆಬ್ರುವರಿ 19ರಂದು, ಅಂಥ ಯಂತ್ರಗಳ ತಯಾರಿಕೆಯನ್ನೇ ಕೈಬಿಡುವುದಾಗಿ ತೋಷಿಬಾ ಘೋಷಿಸಿತು. ಅಗ್ಗವೆಂದು ಕೊಂಡವರ ಮನೆಯಲ್ಲಿ ಪ್ಲೇಯರ್‌ ಉಳಿಯಿತು. ಅದರಲ್ಲಿ ಹಾಕಿ ನೋಡಲು ಹೊಸ ಎಚ್‌ಡಿ ಸಿನಿಮಾ ಬರುವುದು ಕೆಲವೇ ತಿಂಗಳಲ್ಲಿ ನಿಂತಿತು.

ಇದು ಮೊದಲ ಸಲವೇನಲ್ಲ. ಹಬ್ಬಕ್ಕೆ ಟಿವಿ, ವಿಸಿಪಿ ಬಾಡಿಗೆ ತಂದು ರಾತ್ರಿಯಿಡೀ ಸಿನಿಮಾ ನೋಡಿದ ನಮ್ಮ ಹಳ್ಳಿಗಳ ತಲೆಮಾರಿಗೆ ವಿಎಚ್‌ಎಸ್‌ ಕ್ಯಾಸೆಟ್‌ ಗೊತ್ತು. ಜಪಾನಿನ ಜೆವಿಸಿ ಕಂಪನಿ 1976ರಲ್ಲಿ ತಂದ ಆ ಕ್ಯಾಸೆಟ್‌, ಒಂದು ವರ್ಷ ಮೊದಲೇ ಬಂದಿದ್ದ ಸೋನಿಯ ಬೀಟಾಮ್ಯಾಕ್ಸನ್ನು ಮಾರುಕಟ್ಟೆಯಲ್ಲಿ ಹಿಂದೆ ಹಾಕಿತು. ಆಮೇಲೆ, 1989ರಲ್ಲಿ, ಸೋನಿ ಹಾಲಿವುಡ್‌ನ ಕೊಲಂಬಿಯಾ ಪಿಕ್ಚರ್ಸ್‌ ಸಂಸ್ಥೆಯನ್ನು ಕೊಂಡಿತು. ಯಂತ್ರದ ಜೊತೆಗೆ ಸಿನಿಮಾವೂ ಅದರ ಕೈಗೆ ಬಂತು.

2006ರಲ್ಲಿ ಮತ್ತೆ ಪೈಪೋಟಿ. ಸೋನಿ ಮತ್ತು ಜೊತೆಗಾರರದು ಬ್ಲೂ-ರೇ, ತೋಷಿಬಾದ್ದು ಎಚ್‌ಡಿ ಡಿವಿಡಿ. ಎರಡಕ್ಕೂ ಡಿವಿಡಿಯ ಕೆಂಪು ಲೇಸರ್‌ ಬದಲು ನೀಲಿ-ನೇರಳೆ ಲೇಸರ್‌. ಒಂದು ಪದರದ ಡಿವಿಡಿಯಲ್ಲಿ 4.7 ಜಿಬಿ ಹಿಡಿದರೆ, ಎಚ್‌ಡಿ ಡಿವಿಡಿಯಲ್ಲಿ 15, ಬ್ಲೂ-ರೇಯಲ್ಲಿ 25 ಜಿಬಿ. ತೋಷಿಬಾದ ಮೊದಲ ಪ್ಲೇಯರ್‌ 499 ಡಾಲರ್‌ಗೆ ಸಿಕ್ಕರೆ, ಸ್ಯಾಮ್ಸಂಗ್‌ನ ಮೊದಲ ಬ್ಲೂ-ರೇ ಪ್ಲೇಯರ್‌ಗೆ ಸುಮಾರು ಸಾವಿರ ಡಾಲರ್‌ ಕೊಡಬೇಕಿತ್ತು.

ಅಷ್ಟು ದುಬಾರಿಯಾದದ್ದು ಗೆದ್ದದ್ದು ಹೇಗೆ? 2006ರ ನವೆಂಬರ್‌ನಲ್ಲಿ ಬಂದ ಸೋನಿಯ ಪ್ಲೇಸ್ಟೇಷನ್‌ 3 ಆಟದ ಯಂತ್ರದೊಳಗೇ ಬ್ಲೂ-ರೇ ಇತ್ತು. ಮಕ್ಕಳ ಆಟಕ್ಕೆಂದು ತಂದ ಪೆಟ್ಟಿಗೆ ಮನೆಮಂದಿಯ ಸಿನಿಮಾಕ್ಕೂ ಆಯಿತು. ಕೊನೆಯ ಪೆಟ್ಟು ಸಿನಿಮಾ ಕಂಪನಿಯದು. ಎರಡೂ ಬಗೆಯ ಡಿಸ್ಕ್‌ ತರುತ್ತಿದ್ದ ವಾರ್ನರ್‌ ಬ್ರದರ್ಸ್‌, ಇನ್ನು ಬ್ಲೂ-ರೇ ಮಾತ್ರ ಎಂದು 2008ರ ಜನವರಿ 4ರಂದು ಹೇಳಿತು. ಮರುತಿಂಗಳು ನೆಟ್‌ಫ್ಲಿಕ್ಸ್‌, ವಾಲ್‌ಮಾರ್ಟ್‌ ಕೂಡ ಅದೇ ದಾರಿ ಹಿಡಿದವು.

ಈ ಗೆಲುವಿನಲ್ಲಿ ನೋಡುಗರು ಕಳೆದುಕೊಂಡದ್ದೂ ಇದೆ. ಸೋತ ಎಚ್‌ಡಿ ಡಿವಿಡಿಗೆ ದೇಶದ ಬೇಲಿ ಇರಲಿಲ್ಲ. ಬ್ಲೂ-ರೇ ಜಗತ್ತನ್ನು ಎ, ಬಿ, ಸಿ ಎಂದು ಮೂರು ವಲಯಗಳಾಗಿ ಹಂಚಿತು. ಅಮೆರಿಕ, ಜಪಾನ್‌ ಎ. ಪಶ್ಚಿಮ ಯುರೋಪ್‌, ಆಸ್ಟ್ರೇಲಿಯಾ ಬಿ. ಭಾರತ, ಚೀನಾ, ರಷ್ಯಾ ಸಿ. ಅಮೆರಿಕದಲ್ಲಿರುವ ಮಗ ಊರಿಗೆ ಬರುವಾಗ ತಂದ ಡಿಸ್ಕ್‌ ಇಲ್ಲಿನ ಪ್ಲೇಯರ್‌ನಲ್ಲಿ ಓಡದಿದ್ದರೆ, ಕೆಟ್ಟಿದೆ ಎಂದು ಎಸೆಯುವ ಮೊದಲು ಈ ಬೀಗ ನೆನಪಿರಲಿ. ವಲಯದ ಬೀಗವಿಲ್ಲದ ಡಿಸ್ಕ್‌ಗಳೂ ಎಷ್ಟೋ ಇವೆ.

2016ರಲ್ಲಿ ಬಂದ 4ಕೆ ಬ್ಲೂ-ರೇ ಡಿಸ್ಕ್‌ಗೆ ವಲಯದ ತಡೆಯಿಲ್ಲ. ಆದರೆ 4ಕೆ ಪ್ಲೇಯರ್‌ನಲ್ಲಿ ಹಾಕಿದ ಮಾತ್ರಕ್ಕೆ ಹಳೆಯ ಬ್ಲೂ-ರೇ, ಡಿವಿಡಿಗಳ ಬೀಗ ಬಿಡುವುದಿಲ್ಲ. ತಯಾರಕರೂ ಕಡಿಮೆಯಾಗುತ್ತಿದ್ದಾರೆ. ಮೊದಲ ಬ್ಲೂ-ರೇ ಪ್ಲೇಯರ್‌ ಮಾರಿದ ಸ್ಯಾಮ್ಸಂಗ್‌, ಅಮೆರಿಕಕ್ಕೆ ಹೊಸ ಮಾದರಿ ತರುವುದಿಲ್ಲವೆಂದು 2019ರಲ್ಲೇ ಹೇಳಿದೆ.

ಹಾಗಾಗಿ ಪ್ಲೇಯರ್‌ ಕೊಳ್ಳುವ ಯೋಚನೆಯಿದ್ದರೆ ಮೊದಲು ಮನೆಯಲ್ಲಿರುವ, ಮುಂದೆ ತರಿಸಬೇಕೆಂದಿರುವ ಡಿಸ್ಕ್‌ಗಳ ಡಬ್ಬಿ ತಿರುಗಿಸಿ ಅಕ್ಷರ ನೋಡಿ. ಪ್ಲೇಯರ್‌ನ ಬೆಲೆ ಆಮೇಲೆ ವಿಚಾರಿಸಬಹುದು.