ಕಾರ್ನಿಯಾದ ಕಸುವು ಅಳೆದವರು

1981ರ ನವೆಂಬರ್ 27, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮರುದಿನ. ಹಬ್ಬದೂಟದಲ್ಲಿ ಉಳಿದಿದ್ದ ಟರ್ಕಿ ಕೋಳಿಯ ತುಂಡನ್ನು ರಂಗಸ್ವಾಮಿ ಶ್ರೀನಿವಾಸನ್ ನ್ಯೂಯಾರ್ಕ್ ರಾಜ್ಯದ ಐಬಿಎಂ ಪ್ರಯೋಗಾಲಯಕ್ಕೆ ತಂದರು. ಎಕ್ಸೈಮರ್ ಲೇಸರಿನ ನೇರಳಾತೀತ ಕಿರಣ ಅದನ್ನು ಕೊರೆಯಿತು. ಸುತ್ತಲಿನ ಅಂಗಾಂಶ ಮಾತ್ರ ಕರಕಲಾಗಲಿಲ್ಲ. ಮದರಾಸಿನಲ್ಲಿ ಓದಿದ ಈ ವಿಜ್ಞಾನಿ ಜೇಮ್ಸ್ ವಿನ್ ಮತ್ತು ಸ್ಯಾಮ್ಯುಯೆಲ್ ಬ್ಲಮ್ ಅವರೊಂದಿಗೆ ಮಾಡಿದ ಶೋಧವನ್ನು ನೇತ್ರತಜ್ಞ ಸ್ಟೀಫನ್ ಟ್ರೋಕೆಲ್ 1983ರ ಹೊತ್ತಿಗೆ ಕಣ್ಣಿನ ಪಾರದರ್ಶಕ ಮುಂಪದರವಾದ ಕಾರ್ನಿಯಾಕ್ಕೆ ಒಯ್ದರು. 1990ರ ಸುಮಾರಿಗೆ ಕ್ರೀಟ್ ದ್ವೀಪದ ಇಯೊನಿಸ್ ಪಲ್ಲಿಕಾರಿಸ್ ಅದರ ಮೇಲ್ಪದರವನ್ನು ಸೀಳಿ ಮಗುಚಿ, ಒಳಗೆ ಲೇಸರ್ ಹಾಯಿಸಿ, ಮತ್ತೆ ಮುಚ್ಚುವ ಲೇಸಿಕ್ ವಿಧಾನ ರೂಪಿಸಿದರು.

ದೃಷ್ಟಿ ಸರಿಪಡಿಸಲು ಕಾರ್ನಿಯಾದ ಆಕಾರ ತಿದ್ದುವ ವಿದ್ಯೆ ಕೈವಶವಾಯಿತು. ಉಳಿದ ಕಾರ್ನಿಯಾಕ್ಕೆ ಎಷ್ಟು ಬಲವಿದೆ ಎಂದು ತಿಳಿಯುವ ದಾರಿ ಮಾತ್ರ ಇರಲಿಲ್ಲ.

ಸುಮಾರು ಅರ್ಧ ಮಿಲಿಮೀಟರ್ ದಪ್ಪದ ಕಾರ್ನಿಯಾ ಕಣ್ಣೊಳಗಿನ ಒತ್ತಡವನ್ನು ಕೊಲಾಜೆನ್ ಎಳೆಗಳ ಬಲದಿಂದ ತಡೆಯುತ್ತದೆ. ಈ ಎಳೆಗಳ ಹೆಣಿಗೆ ಹೆಚ್ಚು ಬಿಗಿಯಾಗಿರುವುದು ಮುಂಭಾಗದಲ್ಲಿ. ಲೇಸಿಕ್ ಕತ್ತರಿಸುವುದು ಅದನ್ನೇ. 1998ರಲ್ಲಿ ಜರ್ಮನಿಯ ಥಿಯೊ ಸೈಲರ್, ಶಸ್ತ್ರಚಿಕಿತ್ಸೆಯ ನಂತರ ಕಾರ್ನಿಯಾ ಉಬ್ಬಿ ದೃಷ್ಟಿ ಕೆಟ್ಟ ಪ್ರಕರಣಗಳನ್ನು ವರದಿ ಮಾಡಿದರು. ತಳದಲ್ಲಿ ಕನಿಷ್ಠ 250 ಮೈಕ್ರಾನ್ ಉಳಿಸಬೇಕೆಂಬ ನಿಯಮ ರೂಢಿಗೆ ಬಂತು. ಆದರೆ ದಪ್ಪವೇ ಬಲವಲ್ಲ; ಅಷ್ಟು ಉಳಿಸಿದರೂ ಕೆಲವು ಕಣ್ಣುಗಳು ಸೋತವು.

ಬಲವನ್ನೇ ಅಳೆಯಲು 2005ರಲ್ಲಿ ಸಂಶೋಧಕ ಡೇವಿಡ್ ಲೂಸ್ ಹೊಸ ಉಪಕರಣವೊಂದನ್ನು ವಿವರಿಸಿದರು: ಆಕ್ಯುಲರ್ ರೆಸ್ಪಾನ್ಸ್ ಅನಲೈಜರ್. ಮಾವು ಮಾಗಿದೆಯೇ ಎಂದು ಬೆರಳಿನಿಂದ ಒತ್ತಿ ನೋಡುವಂತೆ, ಅದು ಗಾಳಿಯ ಚಿಮ್ಮುವಿಕೆಯಿಂದ ಕಾರ್ನಿಯಾವನ್ನು ಒತ್ತುತ್ತದೆ. ಕಾರ್ನಿಯಾ ಒಳಕ್ಕೆ ಹೋಗುವಾಗ ಒಮ್ಮೆ, ಮರಳುವಾಗ ಒಮ್ಮೆ ಚಪ್ಪಟೆಯಾಗುತ್ತದೆ. ಆ ಎರಡು ಗಳಿಗೆಗಳ ಒತ್ತಡದ ಅಂತರವೇ ಹಿಸ್ಟೆರಿಸಿಸ್. ಲೇಸಿಕ್ ನಂತರ ಅದು ಇಳಿಯುವುದು ಸ್ಪಷ್ಟವಾಗಿ ಕಂಡಿತು. ನಂತರ ಬಂದ ಜರ್ಮನಿಯ ಕಾರ್ವಿಸ್ ಯಂತ್ರ ಸೆಕೆಂಡಿಗೆ 4,300ಕ್ಕೂ ಹೆಚ್ಚು ಚಿತ್ರಗಳ ವೇಗದಲ್ಲಿ ಆ ಬಾಗುವಿಕೆಯನ್ನೇ ಸೆರೆಹಿಡಿಯಿತು. ಬಾಸ್ಟನ್ನಿನಲ್ಲಿ ಸಂಶೋಧಕರಾದ ಸ್ಕಾರ್ಚೆಲ್ಲಿ ಮತ್ತು ಯುನ್, ಕಣ್ಣನ್ನು ಮುಟ್ಟದೆ, ಬ್ರಿಲುವಾನ್ ಎಂಬ ಬಗೆಯ ಬೆಳಕಿನ ಚದುರುವಿಕೆಯಿಂದ ಬಿಗಿತದ ನಕ್ಷೆ ಬಿಡಿಸುವ ದಾರಿ ತೆರೆದರು. ಬೆಂಗಳೂರಿನ ನಾರಾಯಣ ನೇತ್ರಾಲಯದ ಸಂಶೋಧಕರೂ ಕಾರ್ನಿಯಾದ ಬಲದ ಕುರಿತು ಅಧ್ಯಯನಗಳನ್ನು ಪ್ರಕಟಿಸಿದ್ದಾರೆ.

ಉಬ್ಬಿದ ಕಾರ್ನಿಯಾಕ್ಕೆ ರೈಬೊಫ್ಲೇವಿನ್ ಹನಿ ಮತ್ತು ನೇರಳಾತೀತ ಬೆಳಕಿನಿಂದ ಬಿಗಿತ ತುಂಬುವ ಚಿಕಿತ್ಸೆ ಇಂದು ಇದೆ. ಆದರೂ ಕನ್ನಡಕ ಬಿಡಲು ಹೊರಟವರು ಖರ್ಚು ವಿಚಾರಿಸುವ ಮೊದಲೇ ವೈದ್ಯರನ್ನು ಕೇಳಬೇಕು: ನನ್ನ ಕಾರ್ನಿಯಾದ ದಪ್ಪದ ಜೊತೆಗೆ ಅದರ ಬಲವನ್ನೂ ಪರೀಕ್ಷಿಸಿದ್ದೀರಾ?