ಗಾಜಿನ ಗೂಡಿನ ಇರುವೆರಾಣಿ

1874ನೆಯ ಇಸವಿಯ ಡಿಸೆಂಬರ್ ತಿಂಗಳಲ್ಲಿ ಇಂಗ್ಲೆಂಡಿನ ಜಾನ್ ಲಬಕ್ ಮಹಾಶಯನು ಫಾರ್ಮಿಕ ಫುಸ್ಕ ಎಂಬ ಜಾತಿಯ ಕಪ್ಪಿರುವೆಗಳನ್ನು, ಅವುಗಳ ಎರಡು ರಾಣಿಗಳೊಡನೆ, ತಂದು ಸಾಕತೊಡಗಿದನು. ಆತನು ವೃತ್ತಿಯಿಂದ ಬ್ಯಾಂಕಿನ ಯಜಮಾನನು, ಪಾರ್ಲಿಮೆಂಟಿನ ಸದಸ್ಯನು. 1871ರಲ್ಲಿ ಬ್ಯಾಂಕುಗಳಿಗೆ ರಜಾದಿನಗಳನ್ನು ಕೊಡಿಸಿದ ಶಾಸನವನ್ನು ತಂದವನೂ ಆತನೇ. ಕೆಂಟ್ ಪ್ರಾಂತದ ಡೌನ್ ಗ್ರಾಮದಲ್ಲಿ ಚಾರ್ಲ್ಸ್ ಡಾರ್ವಿನ್ನನ ನೆರೆಯಲ್ಲಿ ಬೆಳೆದವನಾದುದರಿಂದ ಪ್ರಕೃತಿವ್ಯಾಸಂಗದ ರುಚಿ ಬಾಲ್ಯದಲ್ಲಿಯೇ ಹತ್ತಿದ್ದಿತು.

ಇರುವೆಯದು ನೆಲದೊಳಗಿನ ಸಂಸಾರ. ಅಗೆದರೆ ಕೆಡುವುದು, ಅಗೆಯದಿದ್ದರೆ ಕಾಣದು. ಲಬಕನು ಎರಡು ಗಾಜಿನ ಹಲಗೆಗಳ ನಡುವೆ ಕಿರಿದಾದ ಸಂದನ್ನು ಬಿಟ್ಟು, ಅದರಲ್ಲಿ ಮಣ್ಣನ್ನು ತುಂಬಿ, ಮೇಲೆ ಮುಚ್ಚಳವಿಟ್ಟು ಕತ್ತಲೆಮಾಡಿದನು. ಸುತ್ತಲೂ ನೀರಿನ ಕಂದಕ. ಮುಚ್ಚಳವನ್ನು ತೆಗೆದರೆ ಅಂತಃಪುರವೇ ಕಣ್ಣಿಗೆ ಬೀಳುತ್ತಿದ್ದಿತು.

ರಾಣಿಯೆಂಬ ಹೆಸರು ಅದಕ್ಕೂ ಹಳೆಯದು. 1747ರಲ್ಲಿ ಇಂಗ್ಲೆಂಡಿನ ಇರುವೆಗಳನ್ನು ಕುರಿತು ಗ್ರಂಥವನ್ನು ಬರೆದ ವಿಲಿಯಂ ಗೌಲ್ಡ್ ಪಾದ್ರಿಯು, ಪೆಟ್ಟಿಗೆಯಲ್ಲಿಟ್ಟ ರಾಣಿಯ ಸುತ್ತ ಇತರ ಇರುವೆಗಳು ನೆರೆಯುವುದನ್ನು ಕಂಡು ಅದನ್ನು ರಾಜಮರ್ಯಾದೆಯೆಂದೇ ತಿಳಿದನು. ಆದರೆ ಅವಳು ಅಪ್ಪಣೆ ಕೊಡುವುದನ್ನು ಕಂಡವರಿಲ್ಲ. ಅವಳ ಅಧಿಕಾರವೆಲ್ಲ ಮೊಟ್ಟೆಯಲ್ಲಿದೆ. ಆ ಮೊಟ್ಟೆಯಾದರೂ ಅವಳ ಇಚ್ಛೆಯಂತೆ ಬರತಕ್ಕದ್ದಲ್ಲ.

ಒಂಟಿಯಾದ ರಾಣಿಯು ಗೂಡನ್ನು ಹೂಡಬಲ್ಲಳೇ ಎಂಬ ವಿವಾದವು ಆಗ ವಿದ್ವಾಂಸರಲ್ಲಿದ್ದಿತು. ಲಬಕನು 1876ರ ಆಗಸ್ಟ್ ತಿಂಗಳಲ್ಲಿ ಮಿರ್ಮಿಕ ಎಂಬ ಬೇರೊಂದು ಕುಲದ ಎರಡು ಜೋಡಿಗಳನ್ನು ಪ್ರತ್ಯೇಕವಾಗಿರಿಸಿದನು. ಚಳಿಗಾಲವೆಲ್ಲ ಒಂದು ಮೊಟ್ಟೆಯೂ ಇಲ್ಲ. ಅವಸರದವನಾಗಿದ್ದರೆ ಅವು ಬಂಜೆಗಳೆಂದು ಬಿಸುಟುಬಿಡುತ್ತಿದ್ದನು. ವಸಂತದಲ್ಲಿ ಗಂಡುಗಳು ಸತ್ತವು, ರಾಣಿಗಳು ಮೊಟ್ಟೆಯಿಟ್ಟವು. ಜುಲೈ ತಿಂಗಳಲ್ಲಿ ಮೊದಲ ಕೆಲಸಗಾರ ಇರುವೆಯು ಹೊರಬಂದಿತು. ಯಾರ ನೆರವೂ ಇಲ್ಲದೆ ತಾಯಿಯೇ ಸಾಕಿದ ಮಗಳು ಅದು.

ಕೆಲವು ಜಾತಿಗಳ ರಾಣಿಯು ಈ ಕಾಲದಲ್ಲಿ ಹೊರಗಿನ ಅನ್ನವನ್ನು ಮುಟ್ಟುವುದೇ ಇಲ್ಲ. ರೆಕ್ಕೆಗಳನ್ನು ಕಳಚಿದ ಬಳಿಕ ನಿಷ್ಪ್ರಯೋಜಕವಾದ ಹಾರಾಟದ ಸ್ನಾಯುಗಳು ಕರಗಿ ಅವಳಿಗೂ ಮರಿಗಳಿಗೂ ಆಹಾರವಾಗುತ್ತವೆ. ಫ್ರಾನ್ಸಿನ ಚಾರ್ಲ್ಸ್ ಜಾನೆ ಎಂಬವನು 20ನೆಯ ಶತಮಾನದ ಆದಿಯಲ್ಲಿ ಇದನ್ನು ಸೂಕ್ಷ್ಮದರ್ಶಕದಿಂದ ವಿವರಿಸಿದನು. ಆದುದರಿಂದಲೇ ಮೊದಲ ಮೊಟ್ಟೆಗಳು ಕೆಲವೇ, ಅವುಗಳಿಂದ ಹುಟ್ಟುವ ಮಕ್ಕಳು ಕುಬ್ಜರು. ಆ ಮಕ್ಕಳು ಮೇವು ತಂದು ಉಣಿಸಿದ ಮೇಲೆ ಮೊಟ್ಟೆಗಳು ಹೆಚ್ಚುತ್ತವೆ; ಅನ್ನವೋ ಉಷ್ಣವೋ ಕಡಿಮೆಯಾದರೆ ತಗ್ಗುತ್ತವೆ; ಶೀತದೇಶಗಳಲ್ಲಿ ಚಳಿಗಾಲದಲ್ಲಿ ನಿಂತೇಹೋಗುತ್ತವೆ. ಸಾಕಿದವರು ದಿಗಿಲುಗೊಳ್ಳುವುದು ಈ ನಿಲುಗಡೆಗೇ. ಅದು ರೋಗವಲ್ಲ, ಋತು.

ನಿಜವಾಗಿ ಭಯಪಡತಕ್ಕ ಬದಲಾವಣೆ ಬೇರೆಯುಂಟು. ರಾಣಿಯು ಯೌವನದಲ್ಲಿ ಪಡೆದ ಗಂಡಿನ ಬೀಜವನ್ನು ಒಡಲಿನ ಸಣ್ಣ ಚೀಲದಲ್ಲಿ ಕೂಡಿಟ್ಟು ಬಾಳೆಲ್ಲ ವ್ಯಯಮಾಡುವಳು. ಬೀಜ ತಾಕಿದ ಮೊಟ್ಟೆಯಿಂದ ಹೆಣ್ಣು, ತಾಕದ ಮೊಟ್ಟೆಯಿಂದ ಗಂಡು. ಕೆಲಸಗಾರ ಇರುವೆಗಳೆಲ್ಲ ಹೆಣ್ಣುಗಳೇ. ರಾಣಿಯಿಲ್ಲದ ಗೂಡುಗಳಲ್ಲಿ ಕೆಲಸಗಾರ ಇರುವೆಗಳೇ ಕೆಲವೊಮ್ಮೆ ಮೊಟ್ಟೆಯಿಡುವುದನ್ನೂ, ಅವುಗಳಿಂದ ಗಂಡುಗಳೇ ಹುಟ್ಟುವುದನ್ನೂ ಲಬಕನು ಕಂಡನು. ಗಂಡಿರುವೆಯು ಮೇವು ತರುವುದಿಲ್ಲ, ಮರಿ ಸಾಕುವುದಿಲ್ಲ. ಅಂತಹ ಗೂಡಿನಲ್ಲಿ ಮೊಟ್ಟೆಗಳಿದ್ದರೂ ಮನೆ ನಡೆಸುವ ಕೈಗಳು ಒಂದೊಂದಾಗಿ ಕಡಿಮೆಯಾಗುತ್ತ ಬರುತ್ತವೆ.

ಲಬಕನು 1882ರಲ್ಲಿ ಇರುವೆ, ಜೇನು, ಕಣಜಗಳನ್ನು ಕುರಿತ ತನ್ನ ಪ್ರಸಿದ್ಧ ಗ್ರಂಥವನ್ನು ಪ್ರಕಟಿಸಿದಾಗ ಆ ಎರಡು ರಾಣಿಗಳೂ ಜೀವಿಸಿದ್ದವು. ಒಂದು 1887ರಲ್ಲಿ ತೀರಿತು. ಇನ್ನೊಂದು 1888ರ ಆಗಸ್ಟ್‌ವರೆಗೆ ಬದುಕಿತು. ಆಗ ಅದಕ್ಕೆ ಹೆಚ್ಚುಕಡಿಮೆ 15 ವರ್ಷ. ಅಷ್ಟು ಕಾಲ ಬಾಳಿದ ಇರುವೆಯ ದಾಖಲೆ ಅದುವರೆಗೆ ಇರಲಿಲ್ಲ.